ರೆಫ್ರಿ ಆಗಬೇಕಾ? ಚೆಂಡು ನೋಡೋದು ಬಿಡಿ

ಹೈಸ್ಕೂಲ್ ವಾಲಿಬಾಲ್ ಪಂದ್ಯಗಳಿಗೆ ರೆಫ್ರಿ ಆಗಬೇಕು ಅಂತ ಬರುವವರು ಮೊದಲು ಕೇಳುವುದು ಪರೀಕ್ಷೆ ಕಷ್ಟವಾ ಅಂತ. ಕಷ್ಟ ಇಲ್ಲ. ನಿಯಮ ಓದಿ, ಕೈಸನ್ನೆ ಕಲಿತು, ಕನ್ನಡಿ ಮುಂದೆ ನಿಂತು ಒಂದಿಷ್ಟು ಸೀಟಿ ಊದಿದರೆ ಪಾಸಾಗುತ್ತೀರಿ. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರನ್ನೇ ಪಂದ್ಯಕ್ಕೆ ಎರಡನೇ ರೆಫ್ರಿಯಾಗಿ ನಿಲ್ಲಿಸಿ ನೋಡಿ. ಬಾಯಿ ಬಿಟ್ಟುಕೊಂಡು ಚೆಂಡು ನೋಡುತ್ತಾ ನಿಂತುಬಿಡುತ್ತಾರೆ!

ಚೆಂಡು ನೋಡಬೇಡಿ ಅಂದರೆ ಇವನಿಗೇನಾಗಿದೆ ಅನ್ನುವ ಹಾಗೆ ನನ್ನನ್ನು ನೋಡುತ್ತಾರೆ. ಸ್ವಲ್ಪ ಯೋಚಿಸಿ. ಸೆಟ್ಟರ್ ಚೆಂಡು ಎತ್ತಿದ ಕೂಡಲೇ ಮೈದಾನದ ಎಲ್ಲ ತಲೆಗಳೂ ಮೇಲಕ್ಕೆ ಹೋಗುತ್ತವೆ. ಎತ್ತರದ ಕುರ್ಚಿ ಮೇಲಿರುವ ಮೊದಲನೇ ರೆಫ್ರಿ ಚೆಂಡನ್ನೂ ಹೊಡೆಯುವವರನ್ನೂ ನೋಡುತ್ತಿರುತ್ತಾರೆ, ಹಿಂದೆ ಗೆರೆ ಕಾಯಲು ಲೈನ್‌ಮನ್‌ಗಳಿದ್ದಾರೆ. ಇಷ್ಟು ಜನ ನೋಡುತ್ತಿರುವುದನ್ನೇ ನೀವೂ ನೋಡಿದರೆ ಬ್ಲಾಕ್ ಮಾಡುವವರ ಕೈ ನೋಡುವವರು ಯಾರು? ನಡುಗೆರೆ ಹತ್ತಿರದ ಕಾಲು ಯಾರು ನೋಡಬೇಕು? ಅದಕ್ಕೇ ಅಲ್ವಾ ನಿಮ್ಮನ್ನು ಕೆಳಗೆ, ಕಂಬದ ಪಕ್ಕ ನಿಲ್ಲಿಸಿರುವುದು?

ಚೆಂಡು ಆಚೆ ಹೋದ ಮೇಲೂ ಒಂದು ಕ್ಷಣ ಕಣ್ಣು ನೆಟ್ ಮೇಲೇ ಇರಲಿ. ಹಾರುವಾಗ ಎಲ್ಲರೂ ಎಚ್ಚರವಾಗೇ ಇರುತ್ತಾರೆ, ಕೆಳಗಿಳಿಯುವಾಗ ಮೊಣಕೈಯೋ ಭುಜವೋ ನೆಟ್‌ಗೆ ತಗಲುತ್ತದೆ. ಆದರೆ ನೆಟ್ ಅಲ್ಲಾಡಿತು ಅಂತ ಸುಮ್ನೆ ಊಹೆ ಮೇಲೆ ಸೀಟಿ ಊದಬೇಡಿ. ಚೆಂಡು ನೆಟ್‌ಗೆ ಬಡಿದು, ಆ ನೆಟ್ ಹೋಗಿ ಆಚೆ ಕಡೆಯವರಿಗೆ ತಾಗಿದರೆ ಅದು ತಪ್ಪಲ್ಲ. ಕಂಡರೆ ಊದಿ, ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರಿ.

ಈ ಪಾಠ ನನಗೆ ಕಲಿಸಿದ್ದು ಪುಸ್ತಕ ಅಲ್ಲ, ಹದಿನಾಲ್ಕೋ ಹದಿನೈದೋ ವರ್ಷದ ಒಬ್ಬ ಹುಡುಗಿ. ನನ್ನ ಶುರುವಿನ ದಿನಗಳು. ಸೆಟ್ 24-23. ಸ್ಮ್ಯಾಶ್ ಬ್ಲಾಕ್ ಆಗಿ ಹೊಡೆದವರ ಕಡೆಗೇ ಬಿತ್ತು. ಬ್ಲಾಕ್ ಎಷ್ಟು ಚೆನ್ನಾಗಿತ್ತು ಅಂದರೆ ನಾನೂ ಪ್ರೇಕ್ಷಕನ ಹಾಗೆ ಚೆಂಡಿನ ಹಿಂದೆಯೇ ಹೋಗಿದ್ದೆ. ತಿರುಗಿ ನೋಡಿದರೆ ನೆಟ್ ಇನ್ನೂ ತೂಗಾಡುತ್ತಿತ್ತು, ಬ್ಲಾಕ್ ಮಾಡಿದ ಹುಡುಗಿ ತಾನೇ ಕೈ ಎತ್ತಿ ನಿಂತಿದ್ದಳು. ಅವಳ ಕೋಚ್ ತಲೆ ಮೇಲೆ ಕೈ ಹೊತ್ತುಕೊಂಡಿದ್ದರು. ಊದಬೇಕಾಗಿದ್ದ ನಾನು ಸೀಟಿ ಕಚ್ಚಿಕೊಂಡು ಸುಮ್ಮನಿದ್ದೆ. ಆ ನಾಚಿಕೆ ಈಗಲೂ ಇದೆ.

ಕೋಚ್‌ಗಳ ಕೂಗಾಟಕ್ಕೆ ಹೆದರುವವರೂ ಜಾಸ್ತಿ. ತೀರ್ಪಿನ ಬಗ್ಗೆ ವಿವರಣೆ ಕೇಳುವ ಹಕ್ಕು ಅಂಕಣದಲ್ಲಿರುವ ನಾಯಕನದ್ದು, ಅದೂ ಮೊದಲನೇ ರೆಫ್ರಿ ಹತ್ತಿರ. ಕೋಚ್‌ಗಳು ಮಕ್ಕಳ ಪ್ರೀತಿಗೆ ಕೂಗುತ್ತಾರೆ, ಪಂದ್ಯ ಮುಗಿದ ಮೇಲೆ ಅವರೇ ಬಂದು ಕೈ ಕುಲುಕುತ್ತಾರೆ. ಎಲ್ಲರೂ ಅಲ್ಲ, ಬಿಡಿ. ಇನ್ನೊಂದು ಎಚ್ಚರಿಕೆ: ಶಾಲಾ ಪಂದ್ಯಗಳಲ್ಲಿ ನೆಟ್ ಎತ್ತರ, ಸೆಟ್‌ಗಳ ಸಂಖ್ಯೆ ಎಲ್ಲ ಕಡೆ ಒಂದೇ ಇರುವುದಿಲ್ಲ. ಹೋಗುವ ಮೊದಲು ಸಂಘಟಕರ ನಿಯಮ ಓದಿಕೊಳ್ಳಿ, ನಾನು ಹೇಳಿದೆ ಅಂತ ವಾದಕ್ಕೆ ಇಳಿಯಬೇಡಿ.

ಹೊಸಬರಿಗೆ ನಾನು ಕೊಡುವ ಮನೆಗೆಲಸ ಇಷ್ಟೇ. ಯಾವುದಾದರೂ ಪಂದ್ಯಕ್ಕೆ ಹೋಗಿ ನೆಟ್‌ನ ನೇರಕ್ಕೆ ಕೂತು, ಒಂದು ಇಡೀ ಸೆಟ್ ಬರೀ ಕೈಗಳನ್ನು ನೋಡಿ. ಮುಂದಿನ ಸೆಟ್ ಬರೀ ಕಾಲು. ಕತ್ತು ತಾನಾಗೇ ಚೆಂಡಿನ ಕಡೆ ತಿರುಗುತ್ತದೆ, ಹಿಡಿದು ವಾಪಸ್ ತನ್ನಿ. ಮೊನ್ನೆ ಹೀಗೆ ಕೂರಿಸಿದ್ದ ಹುಡುಗಿಯನ್ನು ಸ್ಕೋರ್ ಎಷ್ಟಮ್ಮಾ ಅಂತ ಕೇಳಿದೆ. ಗೊತ್ತಿಲ್ಲ ಸರ್ ಅಂದಳು. "ಆದ್ರೆ ಆ 7ನೇ ನಂಬರ್ ಹುಡುಗ ಪ್ರತಿ ಸಲ ಎಡಗಾಲು ಆಚೆ ಇಡ್ತಾನೆ ಸರ್. ಹಿಮ್ಮಡಿ ಮಾತ್ರ ಗೆರೆ ಮೇಲೇ ಇರುತ್ತೆ. ಅದಕ್ಕೇ ಅದು ತಪ್ಪಲ್ಲ, ಅಲ್ವಾ?"

ಮುಂದಿನ ಪಂದ್ಯಕ್ಕೆ ಸೀಟಿ ಅವಳ ಕೈಗೆ ಕೊಟ್ಟೆ.