ಕಲಿಸುವವರು ಯಾರು? ನ್ಯಾಶ್‌ವಿಲ್, 1942

ಎರಡನೇ ಮಹಾಯುದ್ಧದ ಅಮೆರಿಕದ ಮಹಿಳಾ ಪೈಲಟ್‌ಗಳು ಅಂದ ಕೂಡಲೇ ನಾವು ಸೇನೆಗಾಗಿ ವಿಮಾನ ಹಾರಿಸಿದ ಮಹಿಳೆಯರ 'ವಾಸ್ಪ್' (WASP) ಪಡೆಯ ಪುಟಕ್ಕೆ ಓಡುತ್ತೇವೆ. ಅದಕ್ಕೂ ಮೊದಲು ಓದಿಕೊಳ್ಳಬೇಕಾದ ಸಂಗತಿ ಇನ್ನೊಂದಿದೆ.

1939ರಲ್ಲಿ ಅಲ್ಲಿನ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗೆ ನಾಗರಿಕ ಪೈಲಟ್ ತರಬೇತಿ ಶುರು ಮಾಡಿತು. ಹತ್ತು ಹುಡುಗರಿಗೆ ಒಬ್ಬ ಹುಡುಗಿಯಂತೆ ಸೀಟು. ಯುದ್ಧ ಹತ್ತಿರವಾದಂತೆ, 1941ರ ನಡುವಿನಲ್ಲಿ, ಆ ಒಂದು ಸೀಟೂ ಹೋಯಿತು. ಕಲಿತವರು ಸೇನೆಗೆ ಸೇರಬೇಕು, ಹೆಂಗಸರನ್ನು ಯುದ್ಧಕ್ಕೆ ಕಳಿಸುವಂತಿಲ್ಲ, ಮತ್ತೇಕೆ ಖರ್ಚು ಎಂಬ ಲೆಕ್ಕ. ಹಾರಲು ಬಲ್ಲ ಗಂಡಸರೆಲ್ಲ ಸೇನೆಗೆ ಹೋದಮೇಲೆ ಹೊಸಬರಿಗೆ ಕಲಿಸುವವರು ಯಾರು ಎಂಬುದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ಫೀಬಿ ಓಮ್ಲಿ. ಪ್ರಾಯದಲ್ಲಿ ಹಾರುವ ವಿಮಾನದ ರೆಕ್ಕೆ ಮೇಲೆ ನಡೆದು ಜನರನ್ನು ಬೆರಗುಗೊಳಿಸಿದವರು. 1927ರಲ್ಲಿ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಪಡೆದ ಮೊದಲ ಅಮೆರಿಕನ್ ಮಹಿಳೆ. ವಿಮಾನ ಇಂಧನದ ತೆರಿಗೆಯನ್ನು ವಿಮಾನಯಾನಕ್ಕೇ ಬಳಸುವ ಟೆನೆಸ್ಸೀ ರಾಜ್ಯದ 1937ರ ಕಾಯ್ದೆಯ ಕರಡಿನಲ್ಲೂ ಅವರ ಕೈಯಿತ್ತು. (ಸಾಹಸದ ಕಥೆಗಳ ನಡುವೆ ಈ ಕಾಯ್ದೆಯನ್ನು ಯಾರೂ ಗಮನಿಸುವುದಿಲ್ಲ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ.) 1942ರಲ್ಲಿ ರಾಜ್ಯದ ನೆರವಿನಿಂದ ನ್ಯಾಶ್‌ವಿಲ್‌ನಲ್ಲಿ ಮಹಿಳೆಯರಿಗೆಂದೇ ಬೋಧಕರ ಶಾಲೆ ತೆರೆದರು. ಮೊದಲೇ ಹಾರಲು ಬರುತ್ತಿದ್ದ ಹತ್ತು ಮಂದಿ ಅಲ್ಲಿ ಕಲಿಸುವುದನ್ನು ಕಲಿತು 1943ರ ಆರಂಭದಲ್ಲಿ ಹೊರಬಂದರು.

ಹಾರುವುದೇ ಬೇರೆ, ಹಾರಲು ಕಲಿಸುವುದೇ ಬೇರೆ. ಎರಡು ಜೊತೆ ನಿಯಂತ್ರಣಗಳಿರುವ ವಿಮಾನದಲ್ಲಿ ಬೋಧಕರು ಶಿಷ್ಯನಿಗೆ ತಪ್ಪು ಮಾಡಲು ಬಿಡಬೇಕು, ಆದರೆ ಯಾವ ಕ್ಷಣದಲ್ಲಿ ಕೈ ಹಾಕಬೇಕೆಂಬುದು ಗೊತ್ತಿರಬೇಕು. ಅದೇ ನ್ಯಾಶ್‌ವಿಲ್‌ನ ಕಾರ್ನೀಲಿಯಾ ಫೋರ್ಟ್ ಈ ಶಾಲೆಗೂ ಮೊದಲೇ ಬೋಧಕಿಯಾಗಿದ್ದರು. 1941ರ ಡಿಸೆಂಬರ್ 7ರ ಬೆಳಿಗ್ಗೆ ಹೊನೊಲುಲು ಬಳಿ ಇಂಟರ್‌ಸ್ಟೇಟ್ ಕೆಡೆಟ್ ಎಂಬ ಪುಟ್ಟ ವಿಮಾನದಲ್ಲಿ ಶಿಷ್ಯನಿಗೆ ಇಳಿಯುವ ಅಭ್ಯಾಸ ಮಾಡಿಸುತ್ತಿದ್ದಾಗ ಇನ್ನೊಂದು ವಿಮಾನ ನೇರ ಇವರತ್ತಲೇ ನುಗ್ಗಿ ಬಂತು. ಫೋರ್ಟ್ ಶಿಷ್ಯನಿಂದ ನಿಯಂತ್ರಣ ಕಸಿದು, ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ತೆರೆದು, ಮೇಲಕ್ಕೆಳೆದರು. ಕೆಳಗೆ ಹಾದುಹೋದ ವಿಮಾನದ ರೆಕ್ಕೆಗಳಲ್ಲಿ ಜಪಾನಿನ ಗುರುತಾದ ಕೆಂಪು ಸೂರ್ಯ. ಪರ್ಲ್ ಹಾರ್ಬರ್ ಮೇಲಿನ ದಾಳಿ ಶುರುವಾಗಿತ್ತು.

ಪರೀಕ್ಷೆಗೆ ಓದುವವರು ಇವೆರಡನ್ನು ಬೆರೆಸಬೇಡಿ: ವಾಸ್ಪ್‌ನವರ ಮುಖ್ಯ ಕೆಲಸ ಸೇನೆಯ ವಿಮಾನಗಳನ್ನು ಊರಿಂದ ಊರಿಗೆ ಮುಟ್ಟಿಸುವುದು, ನ್ಯಾಶ್‌ವಿಲ್‌ನ ಹತ್ತು ಮಂದಿ ತಯಾರಾದದ್ದು ಪಾಠ ಹೇಳುವುದಕ್ಕೆ.