ಟ್ಯಾಂಕ್‌ಗಿಂತ ಮುಂದೆ ನಡೆದವರು

1948ರ ನವೆಂಬರ್ 1. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿ ಲಾ ಘಟ್ಟ. ಬಂಡೆಗಳ ಸಂದಿಯಲ್ಲಿ ಮೆಷಿನ್ ಗನ್ ಹೂಡಿ ಕುಳಿತಿದ್ದ ಪಾಕಿಸ್ತಾನಿ ಕಡೆಯವರು ಸೆಪ್ಟೆಂಬರ್‌ನಲ್ಲಿ ಭಾರತದ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಯನ್ನು ಹಿಮ್ಮೆಟ್ಟಿಸಿದ್ದರು. ಚಳಿಗಾಲ ಹತ್ತಿರ ಬಂದಿತ್ತು. ಹಿಮ ಬಿದ್ದು ಘಟ್ಟ ಮುಚ್ಚಿದರೆ ಲಡಾಖ್ ಕೈತಪ್ಪುವ ಭಯ. ಅಂದು ಮಧ್ಯಾಹ್ನ, ಆ ಎತ್ತರದಲ್ಲಿ ಯಾರೂ ನಿರೀಕ್ಷಿಸದ ಸದ್ದು ಕೇಳಿಸಿತು. ಟ್ಯಾಂಕ್‌ಗಳು ಹತ್ತಿ ಬರುತ್ತಿದ್ದವು. ಮುಂಚೂಣಿಯ ಟ್ಯಾಂಕ್‌ನಲ್ಲಿ ಸ್ವತಃ ಡಿವಿಷನ್ ಕಮಾಂಡರ್, ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಇದ್ದರು. ಅವರ ಮೇಲಿನ ಪಶ್ಚಿಮ ಸೇನಾ ಕಮಾಂಡರ್ ಕೂಡ ಕೊಡಗಿನವರೇ, ಕೆ.ಎಂ. ಕಾರ್ಯಪ್ಪ. ಸಂಜೆಯ ಹೊತ್ತಿಗೆ ಘಟ್ಟ ತೆರೆದುಕೊಂಡಿತ್ತು.

ನನ್ನನ್ನು ಹಿಡಿದಿಡುವುದು ಆ ಟ್ಯಾಂಕ್‌ಗಳು ಅಲ್ಲಿಗೆ ತಲುಪಿದ ಬಗೆ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಜಮ್ಮುವಿನ ಕಡೆಯಿಂದ ಗುಟ್ಟಾಗಿ ಸಾಗಿಸಲಾಯಿತು. ಫಿರಂಗಿ ಗೋಪುರಗಳನ್ನು ಕಳಚಿ ಬೇರೆಯಾಗಿ ಹೇರಿದರು, ಉಳಿದ ಭಾಗಕ್ಕೆ ಟಾರ್ಪಾಲು ಹೊದಿಸಿದರು. ನೋಡಿದವರಿಗೆ ಅದು ಟ್ಯಾಂಕ್ ಎಂದು ಗೊತ್ತಾಗಬಾರದು, ದಾರಿಯ ಹಳೆಯ ಸೇತುವೆಗಳ ಮೇಲಿನ ಭಾರವೂ ಕಡಿಮೆಯಾಗಬೇಕು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ಓಡಾಡುವ ಹಾದಿ ಮಾತ್ರ. ಬಂಡೆ ಸಿಡಿಸಿ, ಅಂಚು ಕಡಿದು, ಅದನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಯೋಧರು. ಗುದ್ದಲಿ, ಹಾರೆ, ಸಿಡಿಮದ್ದು ಹಿಡಿದವರು ಮೊದಲು ನಡೆದರು. ಟ್ಯಾಂಕ್ ಅವರ ಹಿಂದೆ ಬಂತು.

ಟ್ಯಾಂಕ್‌ಗಳನ್ನು ಮುಂದಿಟ್ಟು ವೇಗವಾಗಿ ನುಗ್ಗುವ ಮಿಂಚಿನ ಯುದ್ಧ ಎಂದೊಡನೆ ನಮ್ಮ ಮಾತು ಎಂಜಿನ್ನಿನ ಅಶ್ವಶಕ್ತಿ, ಫಿರಂಗಿಯ ಅಳತೆ, ಉಕ್ಕಿನ ದಪ್ಪಗಳತ್ತ ಹೊರಳುತ್ತದೆ. ಆದರೆ ನೂರು ವರ್ಷಗಳ ಟ್ಯಾಂಕ್ ಯುದ್ಧದ ಚರಿತ್ರೆಯನ್ನು ಓದುತ್ತಾ ಹೋದರೆ ಗೆಲುವನ್ನೂ ಸೋಲನ್ನೂ ತೀರ್ಮಾನಿಸಿದ ಜಾಗಗಳು ಬಹುತೇಕ ಒಂದೇ ತೆರನಾದವು: ಒಂದು ಸೇತುವೆ, ಒಂದು ಕೆಸರುಗದ್ದೆ, ಒಂದು ಪೆಟ್ರೋಲ್ ಲಾರಿ, ಒಂದು ರೇಡಿಯೊ.

ಟ್ಯಾಂಕ್ ಮೊದಲು ರಣಭೂಮಿಗೆ ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಕದನದಲ್ಲಿ. ಅದರ ವೇಗ ಮನುಷ್ಯನ ನಡಿಗೆಗಿಂತ ಹೆಚ್ಚೇನೂ ಇರಲಿಲ್ಲ. ಕಂದಕ ದಾಟುವುದು, ಮುಳ್ಳುತಂತಿ ತುಳಿಯುವುದು, ಇಷ್ಟೇ ಅದರಿಂದ ಬಯಸಿದ ಕೆಲಸ. ಮರುವರ್ಷ ನವೆಂಬರ್ 20ರಂದು ಕಾಂಬ್ರೆಯಲ್ಲಿ ಬ್ರಿಟಿಷರು 470ಕ್ಕೂ ಹೆಚ್ಚು ಟ್ಯಾಂಕ್‌ಗಳನ್ನು ಒಟ್ಟಿಗೆ ನುಗ್ಗಿಸಿ ಒಂದೇ ದಿನದಲ್ಲಿ ಸುಮಾರು 8 ಕಿಲೋಮೀಟರ್ ಒಳಹೊಕ್ಕರು. ತಿಂಗಳುಗಟ್ಟಲೆ ಹೋರಾಡಿದರೂ ಅಷ್ಟು ನೆಲ ಸಿಗದ ಕಾಲ ಅದು. ಹತ್ತೇ ದಿನಕ್ಕೆ ಜರ್ಮನ್ನರು ತಿರುಗಿಬಿದ್ದು ಬಹುಪಾಲನ್ನು ಮರಳಿ ಪಡೆದರು. ಗೋಡೆಗೆ ಕನ್ನ ಕೊರೆದಾಗಿತ್ತು, ಒಳಗೆ ನುಗ್ಗಿ ಮುಂದುವರಿಯುವ ವ್ಯವಸ್ಥೆ ಇರಲಿಲ್ಲ. 1918ರ ಆಗಸ್ಟ್‌ನಲ್ಲಿ ಆಮಿಯೆನ್ ಕದನದಲ್ಲಿ ಮೊದಲ ದಿನ ನಾನೂರಕ್ಕೂ ಹೆಚ್ಚು ಟ್ಯಾಂಕ್‌ಗಳು ಹೊರಟವು; ಐದನೆಯ ದಿನ ಚಲಿಸುವ ಸ್ಥಿತಿಯಲ್ಲಿ ಉಳಿದದ್ದು ಆರು. ಶತ್ರುವಿನ ಗುಂಡಿನ ಜೊತೆಗೆ ಯಂತ್ರದ ಕೀಲು ಸಡಿಲವಾಗಿ, ಒಳಗಿನವರು ಹೊಗೆಗೆ ಬಳಲಿ ನಿಂತವುಗಳೂ ಅದರಲ್ಲಿ ಸೇರಿದ್ದವು.

ಈ ಪಾಠವನ್ನು ಬ್ರಿಟನ್ನಿನ ಸೇನಾ ಚಿಂತಕರಾದ ಫುಲ್ಲರ್, ಲಿಡೆಲ್ ಹಾರ್ಟ್ ಬರೆದರು, ಸೋವಿಯತ್ ಒಕ್ಕೂಟದ ತುಖಾಚೆವ್‌ಸ್ಕಿ ಇನ್ನೂ ದೊಡ್ಡ ಹರಹಿನಲ್ಲಿ ಯೋಚಿಸಿದರು. 1937ರಲ್ಲಿ ಆ ತುಖಾಚೆವ್‌ಸ್ಕಿಯನ್ನೇ ಸ್ಟಾಲಿನ್ ಕೊಲ್ಲಿಸಿದ. ಕಾರ್ಯರೂಪಕ್ಕೆ ತಂದವರಲ್ಲಿ ಮುಂದಿದ್ದವರು ಜರ್ಮನಿಯ ಹೈನ್ಸ್ ಗುಡೇರಿಯನ್. ಮೊದಲ ಮಹಾಯುದ್ಧದಲ್ಲಿ ಅವರು ಕೆಲಸ ಮಾಡಿದ್ದು ಸಂದೇಶ ವಿಭಾಗದಲ್ಲಿ, ಸಿಗ್ನಲ್ಸ್‌ನಲ್ಲಿ. ಹಾಗಾಗಿ ಟ್ಯಾಂಕ್ ಎಂದಾಗ ಅವರಿಗೆ ಮೊದಲು ಹೊಳೆದದ್ದು ರೇಡಿಯೊ.

ಜರ್ಮನಿ ಫ್ರಾನ್ಸಿನ ಮೇಲೆ ಎರಗಿದ 1940ರ ಮೇ ತಿಂಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅದರ ಸುತ್ತ ಬೆಳೆದ ತಪ್ಪು ಕಲ್ಪನೆಗಳು ಇಂದಿಗೂ ಸೇನಾಧಿಕಾರಿಗಳನ್ನು ದಾರಿ ತಪ್ಪಿಸುತ್ತಿವೆ. ಫ್ರಾನ್ಸ್ ಮತ್ತು ಅದರ ಮಿತ್ರರ ಬಳಿ ಜರ್ಮನ್ನರಿಗಿಂತ ಹೆಚ್ಚು ಟ್ಯಾಂಕ್‌ಗಳಿದ್ದವು, ಅನೇಕವು ಹೆಚ್ಚು ಗಟ್ಟಿಯಾಗಿದ್ದವು. ಆದರೆ ಹಲವು ಫ್ರೆಂಚ್ ಟ್ಯಾಂಕ್‌ಗಳ ಗೋಪುರದಲ್ಲಿ ಒಬ್ಬನಿಗೆ ಮಾತ್ರ ಜಾಗ. ಸುತ್ತ ನೋಡುವವನು, ಗುರಿ ಹಿಡಿಯುವವನು, ಗುಂಡು ತುಂಬುವವನು, ಆಜ್ಞೆ ಕೊಡುವವನು ಎಲ್ಲವೂ ಅವನೇ. ಜರ್ಮನ್ನರ ಪಾಂಜರ್ 3 ಟ್ಯಾಂಕಿನ ಗೋಪುರದಲ್ಲಿ ಮೂವರಿದ್ದರು. ಕಮಾಂಡರ್‌ಗೆ ನೋಡುವುದು, ಯೋಚಿಸುವುದು, ರೇಡಿಯೊದಲ್ಲಿ ಮಾತನಾಡುವುದಷ್ಟೇ ಕೆಲಸ. ಅತ್ತ ಪ್ಯಾರಿಸ್ ಪಕ್ಕದ ವಾನ್ಸೆನ್ ಕೋಟೆಯಲ್ಲಿ ಕುಳಿತಿದ್ದ ಫ್ರೆಂಚ್ ಮಹಾದಂಡನಾಯಕ ಗಾಮ್ಲಾಂ ಅವರ ಕಚೇರಿಯಲ್ಲಿ ರೇಡಿಯೊ ಸಂಪರ್ಕವೇ ಇರಲಿಲ್ಲ.

ಆರ್ಡೆನ್ ಕಾಡಿನ ಕಿರಿದಾದ ರಸ್ತೆಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜರ್ಮನ್ ವಾಹನಗಳು ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟಿದ್ದವು. ಆ ಸಾಲಿನ ಮೇಲೆ ಜೋರಾದ ಬಾಂಬ್ ದಾಳಿ ನಡೆದಿದ್ದರೆ ಇತಿಹಾಸ ಬೇರೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ. ಮೇ 13ರಂದು ಸೆದಾನ್ ಪಟ್ಟಣದ ಬಳಿ ಮ್ಯೂಸ್ ನದಿಯನ್ನು ಮೊದಲು ದಾಟಿದವರು ಕಾಲಾಳುಗಳು ಮತ್ತು ಸೇನಾ ಇಂಜಿನಿಯರ್‌ಗಳು, ರಬ್ಬರ್ ದೋಣಿಗಳಲ್ಲಿ. ವಾಲ್ಟರ್ ರುಬಾರ್ತ್ ಎಂಬ ಇಂಜಿನಿಯರ್ ಸಾರ್ಜೆಂಟ್ ಬೆರಳೆಣಿಕೆಯ ಸಂಗಡಿಗರೊಂದಿಗೆ ಆಚೆ ದಡ ಮುಟ್ಟಿ ಬಂಕರ್‌ಗಳನ್ನು ಒಂದೊಂದಾಗಿ ಸಿಡಿಸುತ್ತಾ ಹೋದ. ಅದೇ ಸಂಜೆ ಬುಲ್ಸೋನ್ ಹಳ್ಳಿಯ ಸುತ್ತ ಇದ್ದ ಫ್ರೆಂಚ್ ಪಡೆಯಲ್ಲಿ ಜರ್ಮನ್ ಟ್ಯಾಂಕ್‌ಗಳು ಬಂದೇಬಿಟ್ಟವು ಎಂಬ ಗುಲ್ಲೆದ್ದು, ಫಿರಂಗಿಗಳನ್ನು ಬಿಟ್ಟು ಸಾವಿರಾರು ಜನ ಹಿಂದಕ್ಕೆ ಓಡಿದರು. ಆ ಗಳಿಗೆಯಲ್ಲಿ ಒಂದೇ ಒಂದು ಜರ್ಮನ್ ಟ್ಯಾಂಕ್ ಕೂಡ ನದಿ ದಾಟಿರಲಿಲ್ಲ! ಸೇತುವೆ ಸಿದ್ಧವಾಗಿ ಟ್ಯಾಂಕ್‌ಗಳು ಹರಿಯತೊಡಗಿದ್ದು ಆ ರಾತ್ರಿ ಕಳೆಯುತ್ತಿದ್ದಾಗ. ಫ್ರೆಂಚರ ಪ್ರತಿದಾಳಿಗೆ ಆಜ್ಞೆ ಕೆಳಗಿಳಿದು, ಪಡೆ ಕೂಡಿ, ಹೊರಟದ್ದು ಮರುದಿನ ಬೆಳಿಗ್ಗೆ. ಕೆಲವೇ ಗಂಟೆಗಳ ತಡ. ಆ ಗಂಟೆಗಳಲ್ಲೇ ಫ್ರಾನ್ಸ್ ಬಿತ್ತು. ಮೇ 20ಕ್ಕೆ ಗುಡೇರಿಯನ್ ಪಡೆ ಆಬೆವಿಲ್ ತಲುಪಿ ಸಮುದ್ರದ ಅಂಚಿಗೆ ಬಂದಿತ್ತು.

ಈ ಓಟದ ಹಿಂದೆ ಒಂದು ಡಬ್ಬಿಯೂ ಇತ್ತು. ಇಂದು ನಮ್ಮ ಊರುಗಳ ಜೀಪುಗಳ ಹಿಂಬದಿಯಲ್ಲಿ ಕಾಣುವ 20 ಲೀಟರಿನ ಜೆರಿ ಕ್ಯಾನ್ ಜರ್ಮನ್ನರದ್ದು. ‘ಜೆರಿ’ ಎಂಬುದು ಬ್ರಿಟಿಷ್ ಸೈನಿಕರು ಜರ್ಮನ್ನರಿಗೆ ಇಟ್ಟ ಅಡ್ಡಹೆಸರು. ಅದರ ಮೇಲೆ ಮೂರು ಹಿಡಿಕೆಗಳಿರುತ್ತವೆ. ತುಂಬಿದ ಡಬ್ಬಿಯನ್ನು ನಡುವಿನ ಹಿಡಿಕೆಯಿಂದ ಒಬ್ಬನೇ ಎತ್ತಬಹುದು, ಅಕ್ಕಪಕ್ಕದ ಹಿಡಿಕೆಗಳನ್ನು ಹಿಡಿದು ಇಬ್ಬರು ಹೊರಬಹುದು, ಖಾಲಿಯಾದಾಗ ಒಂದು ಕೈಯಲ್ಲಿ ಎರಡು ಡಬ್ಬಿ ಹಿಡಿಯಬಹುದು. ಬ್ರಿಟಿಷರ ತಗಡಿನ ಡಬ್ಬಿಗಳು ಆಫ್ರಿಕಾದ ಮರುಭೂಮಿಯಲ್ಲಿ ಸೋರಿ ಸೋರಿ ಪೆಟ್ರೋಲನ್ನು ಮರಳಿಗೆ ಕುಡಿಸಿದವು. ಕೊನೆಗೆ ಅವರೂ ಜರ್ಮನ್ ಡಬ್ಬಿಯನ್ನೇ ನಕಲು ಮಾಡಿದರು.

ಆದರೆ 1940ರ ಜರ್ಮನ್ ಸೇನೆಯಲ್ಲಿ ಪಾಂಜರ್, ಅಂದರೆ ಟ್ಯಾಂಕ್ ಡಿವಿಷನ್‌ಗಳು ಇದ್ದದ್ದು ಹತ್ತೇ ಹತ್ತು. ಉಳಿದ ಬಹುಪಾಲು ಕಾಲ್ನಡಿಗೆಯಲ್ಲಿ, ಸಾಮಾನು ಕುದುರೆಗಾಡಿಯಲ್ಲಿ. ಫ್ರಾನ್ಸಿನಲ್ಲಿ ಸಮುದ್ರ ಹತ್ತಿರವಿತ್ತು, ರಸ್ತೆ ಚೆನ್ನಾಗಿತ್ತು. ಮರುವರ್ಷ ರಷ್ಯಾದಲ್ಲಿ ದೂರವೂ ಕೆಸರೂ ಅದೇ ಸೇನೆಯನ್ನು ಮಾಸ್ಕೋದ ಬಾಗಿಲಲ್ಲಿ ನಿಲ್ಲಿಸಿದವು. 1944ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಕೂಡ ಜರ್ಮನ್ನರ ಕೈಯಲ್ಲಿ ಸೋಲದೆ, ಪೆಟ್ರೋಲ್ ಮುಗಿದು ನಿಂತರು.

ಅದೇ ಪ್ಯಾಟನ್ ಹೆಸರು ಹೊತ್ತ ಟ್ಯಾಂಕ್‌ಗಳು 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಕಡೆಯಿಂದ ಒಳಬಂದವು. ಪಾಕಿಸ್ತಾನದ ಲೆಕ್ಕಾಚಾರ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು: ಗಡಿ ಮುರಿದು ಬಿಯಾಸ್ ಸೇತುವೆಯವರೆಗೆ ಧಾವಿಸಿದರೆ ಅಮೃತಸರ ಕತ್ತರಿಸಿಹೋಗುತ್ತದೆ. ಭಾರತದ 4ನೇ ಮೌಂಟನ್ ಡಿವಿಷನ್ ಹಿಂದೆ ಸರಿದು ಅಸಲ್ ಉತ್ತರ್ ಹಳ್ಳಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ಕಾದು ಕುಳಿತಿತು. ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ಆಳೆತ್ತರದ ಕಬ್ಬಿನ ಗದ್ದೆಗಳಲ್ಲಿ ನಮ್ಮ ಸೆಂಚುರಿಯನ್, ಶೆರ್ಮನ್ ಟ್ಯಾಂಕ್‌ಗಳು ಅಡಗಿದವು. ಜೀಪಿನ ಮೇಲೆ ಕೂರಿಸಿದ ರಿಕಾಯಿಲ್‌ಲೆಸ್ ಗನ್ನಿನಿಂದ ಹವಾಲ್ದಾರ್ ಅಬ್ದುಲ್ ಹಮೀದ್ ಒಂದರ ಹಿಂದೊಂದು ಟ್ಯಾಂಕ್ ಹೊಡೆದು, ಕೊನೆಗೆ ಅಲ್ಲೇ ಪ್ರಾಣ ಬಿಟ್ಟರು. 40 ಟನ್ ಮೀರಿದ ಪ್ಯಾಟನ್‌ಗಳು ನೆನೆದ ಮಣ್ಣಿನಲ್ಲಿ ಹೂತುಕೊಂಡವು. ಗದ್ದೆಗೆ ನೀರು ಹಾಯಿಸಿದ ಮಣ್ಣು ಹೇಗಿರುತ್ತದೆ ಎಂದು ಮಂಡ್ಯದ ರೈತನಿಗೆ ಹೇಳಿಕೊಡಬೇಕಿಲ್ಲ. ಎತ್ತಿನ ಗಾಡಿಯೇ ಅಚ್ಚಿನವರೆಗೆ ಮುಳುಗುವ ಜಾಗ ಅದು. ಸೆಪ್ಟೆಂಬರ್ 10ರ ಹೊತ್ತಿಗೆ ಪಾಕಿಸ್ತಾನ ತೊಂಬತ್ತಕ್ಕೂ ಹೆಚ್ಚು ಟ್ಯಾಂಕ್‌ಗಳನ್ನು ಕಳೆದುಕೊಂಡಿತ್ತು. ಸೆರೆಸಿಕ್ಕ ಟ್ಯಾಂಕ್‌ಗಳನ್ನು ನಿಲ್ಲಿಸಿದ ಜಾಗಕ್ಕೆ ಜನ ಪ್ಯಾಟನ್ ನಗರ ಎಂದೇ ಹೆಸರಿಟ್ಟರು.

1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಶಕರ್‌ಗಢ್ ಪ್ರದೇಶದ ಬಸಂತರ್ ನದಿಯ ದಡದಲ್ಲಿ ಸರದಿ ನಮ್ಮದಾಯಿತು. ಕಾಲಾಳುಗಳು ನದಿ ದಾಟಿ ಆಚೆ ದಡದಲ್ಲಿ ಕಾಲೂರಿದ್ದರು, ಬೆಳಗಾದರೆ ಶತ್ರುವಿನ ಟ್ಯಾಂಕ್‌ಗಳು ಮುಗಿಬೀಳುವುದು ಖಚಿತ. ನಡುವೆ ಆಳವಾದ ನೆಲಬಾಂಬ್ ಪಟ್ಟಿ. 9ನೇ ಇಂಜಿನಿಯರ್ ರೆಜಿಮೆಂಟಿನ ಯೋಧರು ಫಿರಂಗಿ ಗುಂಡುಗಳ ನಡುವೆ ಕತ್ತಲಲ್ಲಿ ದಾರಿ ಬಿಡಿಸುತ್ತಿದ್ದರು. ಅವರ ಮೇಜರ್ ವಿಜಯ್ ರತ್ತನ್ ಚೌಧರಿ ಆ ಕೆಲಸದಲ್ಲೇ ಪ್ರಾಣ ತೆತ್ತು ಮರಣೋತ್ತರ ಮಹಾವೀರ ಚಕ್ರ ಪಡೆದರು. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ಟ್ಯಾಂಕ್ ರೆಜಿಮೆಂಟಿನ ಕಮಾಂಡರ್ ಹನುತ್ ಸಿಂಗ್ ಟ್ಯಾಂಕ್‌ಗಳನ್ನು ದಾಟಿಸುವ ನಿರ್ಧಾರ ಮಾಡಿದರು. ಮೇಲಿನವರನ್ನು ಕೇಳಿ ಕಾಯುವ ಸಮಯ ಇರಲಿಲ್ಲ, ನಿರ್ಧಾರ ನದಿದಡದಲ್ಲಿದ್ದವನದ್ದೇ. ಡಿಸೆಂಬರ್ 16ರಂದು 21 ವರ್ಷದ ಅರುಣ್ ಖೇತರ್‌ಪಾಲ್, ಬೆಂಕಿ ಹತ್ತಿದ ಟ್ಯಾಂಕ್ ಬಿಟ್ಟು ಬಾ ಎಂಬ ಆಜ್ಞೆಗೆ ಗನ್ ಇನ್ನೂ ಕೆಲಸ ಮಾಡುತ್ತಿದೆ ಎಂದು ಉತ್ತರಿಸಿ ಅಲ್ಲೇ ಉಳಿದರು. ಖೇತರ್‌ಪಾಲ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ರಾತ್ರಿ ನೆಲಬಾಂಬ್ ತಡವಿದ ಕೈಗಳ ಬಗ್ಗೆ ನಾವು ಇನ್ನೂ ಸಾಕಷ್ಟು ಹೇಳಿಲ್ಲ ಎಂಬ ಕೊರಗು ನನ್ನದು.

ಅದೇ ಯುದ್ಧದಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್ ಪಡೆ ವಿಮಾನಗಳ ರಕ್ಷಣೆಯಿಲ್ಲದೆ ರಾತ್ರಿ ಮರುಭೂಮಿಗೆ ಇಳಿಯಿತು. ಬೆಳಗಾಗುತ್ತಿದ್ದಂತೆ ಜೈಸಲ್ಮೇರ್‌ನಿಂದ ಹಾರಿದ ಹಂಟರ್ ವಿಮಾನಗಳು ಮರಳಲ್ಲಿ ಸಿಕ್ಕಿಕೊಂಡವನ್ನು ಒಂದೊಂದಾಗಿ ಸುಟ್ಟವು. ಎರಡು ವರ್ಷ ಕಳೆದು ಸಿನಾಯ್‌ನಲ್ಲಿ ಇಸ್ರೇಲ್ ಕೂಡ ಇಂಥದ್ದೇ ಅತಿವಿಶ್ವಾಸಕ್ಕೆ ಬೆಲೆ ತೆತ್ತಿತು. ಕಾಲಾಳುಗಳ ಜೊತೆಯಿಲ್ಲದೆ ನುಗ್ಗಿದ ಅದರ ಟ್ಯಾಂಕ್‌ಗಳನ್ನು ಈಜಿಪ್ಟಿನ ಸೈನಿಕರು ಭುಜದ ಮೇಲಿನ ರಾಕೆಟ್ ಮತ್ತು ಪುಟ್ಟ ಪೆಟ್ಟಿಗೆಯಲ್ಲಿ ಹೊತ್ತು ತಂದ ಸ್ಯಾಗರ್ ಕ್ಷಿಪಣಿಗಳಿಂದ ಕೆಡವಿದರು. ಟ್ಯಾಂಕ್ ಯುಗ ಮುಗಿಯಿತು ಎಂದು ಆಗಲೂ ಬರೆದರು. 1991ರಲ್ಲಿ ಇರಾಕಿನ ಮರಳುಗಾಡಿನಲ್ಲಿ ಅಮೆರಿಕದ ಟ್ಯಾಂಕ್‌ಗಳು ನೂರು ಗಂಟೆಗಳಲ್ಲಿ ನೆಲದ ಯುದ್ಧ ಮುಗಿಸಿದಾಗ ಅದೇ ಲೇಖನಿಗಳು ತಿರುಗಿದವು.

2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲಿನ ದಾಳಿಯ ನಂತರ ಭಾರತ ತನ್ನ ದಾಳಿ ಪಡೆಗಳನ್ನು ಗಡಿಗೆ ಸಾಗಿಸಲು ಸುಮಾರು ಮೂರು ವಾರ ತೆಗೆದುಕೊಂಡಿತು. ಅಷ್ಟರಲ್ಲಿ ರಾಜತಾಂತ್ರಿಕ ಒತ್ತಡ ಬಂದು ಕುಳಿತಿತ್ತು. ಹಲವು ಡಿವಿಷನ್‌ಗಳು ಸೇರಿದ ದೊಡ್ಡ ಕೋರ್‌ಗಳ ಬದಲು ಗಡಿಯ ಬಳಿಯೇ ಇರುವ, ಟ್ಯಾಂಕ್, ಕಾಲಾಳು, ಫಿರಂಗಿ, ಇಂಜಿನಿಯರ್ ಎಲ್ಲವನ್ನೂ ಒಳಗೊಂಡ ಚಿಕ್ಕ ಪಡೆಗಳು ಬೇಕು ಎಂಬ ಚಿಂತನೆ ಬಲಗೊಂಡದ್ದು ಆ ಮೂರು ವಾರಗಳಿಂದ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ರಾಜಧಾನಿ ಕೀವ್‌ನ ಉತ್ತರಕ್ಕೆ ಸುಮಾರು 64 ಕಿಲೋಮೀಟರ್ ಉದ್ದದ ರಷ್ಯನ್ ವಾಹನಗಳ ಸಾಲು ನಿಂತ ಉಪಗ್ರಹ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಹೊಲಕ್ಕಿಳಿದರೆ ಕೆಸರು, ರಸ್ತೆಯಲ್ಲಿದ್ದರೆ ಹೊಂಚು, ಡೀಸೆಲ್ ಹಿಂದೆಲ್ಲೋ. ಡೆಮಿಡಿವ್ ಹಳ್ಳಿಯ ಬಳಿ ಉಕ್ರೇನಿನವರು ಅಣೆಕಟ್ಟಿನ ನೀರನ್ನು ಇರ್ಪಿನ್ ನದಿಗೆ ಬಿಟ್ಟು ಬಯಲನ್ನೇ ಕೆರೆ ಮಾಡಿದರು. ತಮ್ಮದೇ ಮನೆಗಳು ಮುಳುಗಿದವು, ರಾಜಧಾನಿ ಉಳಿಯಿತು. ಅಸಲ್ ಉತ್ತರ್‌ನ ಕಾಲುವೆಯನ್ನು ನೆನೆಯದೆ ಇದನ್ನು ಓದಲು ನನಗೆ ಆಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಾರ್ಕಿವ್ ಬಳಿ ಉಕ್ರೇನ್ ಪಡೆಗಳು ತೆಳುವಾದ ಜಾಗ ನೋಡಿ ಹಗುರ ವಾಹನಗಳಲ್ಲಿ ನುಗ್ಗಿ, ಕೆಲವೇ ದಿನಗಳಲ್ಲಿ ಬಲಾಕ್ಲಿಯಾ, ಇಜಿಯಂ ಪಟ್ಟಣಗಳನ್ನು ಮರಳಿ ಗೆದ್ದವು. 2023ರ ಬೇಸಿಗೆಯಲ್ಲಿ ಅವರೇ ಜರ್ಮನ್ ಲೆಪರ್ಡ್ ಟ್ಯಾಂಕ್‌ಗಳೊಂದಿಗೆ ದಕ್ಷಿಣಕ್ಕೆ ಹೊರಟಾಗ ನೆಲಬಾಂಬ್ ಪಟ್ಟಿಯ ಮುಂದೆ ಸಿಕ್ಕಿಬಿದ್ದರು. ಬಾಂಬ್ ತೆಗೆಯುವ ವಾಹನಗಳನ್ನೇ ಶತ್ರು ಮೊದಲು ಗುರಿಯಿಟ್ಟು ಹೊಡೆದ. ಬಸಂತರ್‌ನಲ್ಲಿ ಕತ್ತಲಾದರೂ ಆಸರೆಯಾಗಿತ್ತು. ಈಗ ಮೇಲೆ ಡ್ರೋನ್ ಇದೆ, ಅದರ ಕಣ್ಣಿಗೆ ರಾತ್ರಿಯೂ ಹಗಲೇ. ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಹತ್ತಾರು ಸಾವಿರ ರೂಪಾಯಿಯ ಡ್ರೋನ್ ಕೆಡವುತ್ತಿದೆ. ಟಾರ್ಪಾಲು ಹೊದಿಸಿ ಗುಟ್ಟಾಗಿ ಸಾಗಿಸುವ ಕಾಲ ಹೋಯಿತು.

ಇಷ್ಟಾದರೂ ಟ್ಯಾಂಕ್ ಬೇಡ ಎಂದು ಯಾವ ದೊಡ್ಡ ಸೇನೆಯೂ ಹೇಳುತ್ತಿಲ್ಲ. 2020ರಲ್ಲಿ ಗಲ್ವಾನ್ ಘರ್ಷಣೆಯ ನಂತರ ಭಾರತ ಟಿ-72, ಟಿ-90 ಟ್ಯಾಂಕ್‌ಗಳನ್ನು ಪೂರ್ವ ಲಡಾಖ್‌ನಲ್ಲಿ ನಿಲ್ಲಿಸಿತು, ಕೈಲಾಸ ಶ್ರೇಣಿಯ ಎತ್ತರಗಳಿಗೂ ಹತ್ತಿಸಿತು. ಅವು 40 ಟನ್ ಮೀರಿದ ಯಂತ್ರಗಳು, ಬಯಲಿಗಾಗಿ ಹುಟ್ಟಿದವು. 2024ರ ಜೂನ್‌ನಲ್ಲಿ ಶ್ಯೋಕ್ ನದಿ ದಾಟುತ್ತಿದ್ದ ಟಿ-72 ಒಂದು ರಾತ್ರಿ ಏಕಾಏಕಿ ಏರಿದ ನೀರಿಗೆ ಸಿಕ್ಕಿ ಐವರು ಯೋಧರು ತೀರಿಕೊಂಡರು. ಮರುತಿಂಗಳೇ ಸುಮಾರು 25 ಟನ್ ತೂಕದ, ಎತ್ತರದ ಪ್ರದೇಶಗಳಿಗೆಂದೇ ರೂಪಿಸಿದ ಜೋರಾವರ್ ಟ್ಯಾಂಕನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಗುಜರಾತಿನ ಹಜೀರಾದಲ್ಲಿ ಹೊರಗೆ ತಂದಿತು. 1948ರಲ್ಲಿ ಜೋಜಿ ಲಾ ದಾರಿಯಲ್ಲಿ ಗೋಪುರ ಕಳಚಿ ಭಾರ ಇಳಿಸಿದವರ ಲೆಕ್ಕವೇ ಇದು.

ಸೇನೆಯ ವಾಹನಗಳ ಮುಂಭಾಗದಲ್ಲಿ ಹಳದಿ ವೃತ್ತದೊಳಗೆ ಒಂದು ಸಂಖ್ಯೆ ಬರೆದಿರುವುದನ್ನು ನೀವು ನೋಡಿರಬಹುದು. ಅದು ಆ ವಾಹನದ ಭಾರದ ದರ್ಜೆ. ಸೇನಾ ಇಂಜಿನಿಯರ್‌ಗಳು ಕಟ್ಟಿದ ಸೇತುವೆಯ ಬಾಯಲ್ಲೂ ಅಂಥದ್ದೇ ಹಳದಿ ಫಲಕ, ಅದರ ಮೇಲೂ ಸಂಖ್ಯೆ. ಎಂಥ ಅವಸರದಲ್ಲಿದ್ದರೂ ಚಾಲಕ ಮೊದಲು ಎರಡನ್ನೂ ಹೋಲಿಸಿ ನೋಡಬೇಕು. ಸೇತುವೆಯ ಸಂಖ್ಯೆ ಸಮವೋ ದೊಡ್ಡದೋ ಆಗಿದ್ದರೆ ಮುಂದೆ ಹೋಗಬಹುದು. ಚಿಕ್ಕದಿದ್ದರೆ, ಗುದ್ದಲಿ ಹಿಡಿದವರು ಬರುವವರೆಗೆ ಇಡೀ ಸಾಲು ಅಲ್ಲೇ ಕಾಯಬೇಕು.