ಇಂಗ್ಲಿಷ್ ತರಗತಿಯಲ್ಲಿ ತಪ್ಪನ್ನು ತಿದ್ದುವ ಬಗೆ

ಇಂಗ್ಲಿಷ್ ಬೋಧನೆಯ ಕ್ರಮ ಎಷ್ಟು ಬದಲಾಗಿದೆ ಎಂಬುದನ್ನು ಪಠ್ಯಪುಸ್ತಕ ನೋಡಿ ತಿಳಿಯುವುದಕ್ಕಿಂತ, ವಿದ್ಯಾರ್ಥಿ ತಪ್ಪು ಮಾಡಿದಾಗ ಶಿಕ್ಷಕರು ಏನು ಮಾಡುತ್ತಾರೆಂದು ನೋಡಿ ತಿಳಿಯುವುದು ಸುಲಭ. ವ್ಯಾಕರಣ ಮತ್ತು ಅನುವಾದವನ್ನೇ ನೆಚ್ಚಿದ್ದ ಹಳೆಯ ಕ್ರಮದಲ್ಲಿ ತಪ್ಪುಗಳೆಲ್ಲ ನೋಟ್‌ಬುಕ್ಕಿನಲ್ಲೇ ಇರುತ್ತಿದ್ದವು. ಮಾತಾಡುವ ಸಂದರ್ಭವೇ ಅಪರೂಪವಾಗಿತ್ತು. 1950 ಮತ್ತು 60ರ ದಶಕಗಳಲ್ಲಿ ಬಲಗೊಂಡ ಆಡಿಯೊಲಿಂಗ್ವಲ್ ಕ್ರಮವು ಭಾಷೆಯನ್ನು ರೂಢಿಯೆಂದು ಬಗೆದು, ತಪ್ಪು ನಾಲಿಗೆಗೆ ಹತ್ತುವ ಮೊದಲೇ ಅದನ್ನು ತಡೆಯಬೇಕೆಂದು ಒಂದೇ ಮಾದರಿಯ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸುತ್ತಿತ್ತು.

ಆದರೆ 'ಏಟ್' ಎನ್ನಬೇಕಾದಲ್ಲಿ ಯಾರೂ ಹೇಳಿಕೊಡದ 'ಈಟೆಡ್' ಎಂಬ ರೂಪವನ್ನು ಮಗು ಎಲ್ಲಿಂದ ತರುತ್ತದೆ? ಭೂತಕಾಲದ ನಿಯಮವನ್ನು ತಾನೇ ಊಹಿಸಿ, ಅದು ಸಲ್ಲದ ಕಡೆಗೂ ಹಚ್ಚುತ್ತದೆ. ತಪ್ಪುಗಳು ಕಲಿಕೆಯ ಹಂತವನ್ನು ತೋರಿಸುತ್ತವೆಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ವಾದಿಸಿದರು. ಕಲಿಯುವವನ ಭಾಷೆಗೆ ತನ್ನದೇ ವ್ಯವಸ್ಥೆಯಿದೆ ಎಂಬ ವಿಚಾರವನ್ನು ಇನ್ನೊಬ್ಬ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲಿ ಬೆಳೆಸಿದರು.

ಆ ದಶಕದಲ್ಲಿ ಬಂದ ಸಂವಹನಾತ್ಮಕ ಬೋಧನೆ ಅರ್ಥಕ್ಕೆ ಮೊದಲ ಸ್ಥಾನ ಕೊಟ್ಟಿತು. ಹಾಗೆಂದರೆ ತಿದ್ದಲೇಬಾರದು ಎಂದು ಕೆಲವರು ಅರ್ಥಮಾಡಿಕೊಂಡರು. ಅದನ್ನು ನಾನು ಒಪ್ಪುವುದಿಲ್ಲ. ಹಾಗೆಯೇ ಮೆಲುವಾಗಿ ತಿದ್ದಿದರೆ ಸಾಕು ಎಂಬುದೂ ಸರಿಯಲ್ಲ. 'ಯೆಸ್ಟರ್‌ಡೇ ಷಿ ಗೋ ಟು ದ ಲೈಬ್ರರಿ' ಎಂದ ಹುಡುಗನಿಗೆ ಶಿಕ್ಷಕಿ 'ಓ, ಷಿ ವೆಂಟ್ ಟು ದ ಲೈಬ್ರರಿ' ಎಂದರೆ, ಅವನು 'ಯೆಸ್ ಮಿಸ್' ಎಂದು ಸಂತೋಷದಿಂದ ಮುಂದುವರಿಯುತ್ತಾನೆ. ಅದು ತಿದ್ದುಪಡಿಯೆಂಬುದು ಅವನಿಗೆ ತೋಚಿಯೇ ಇರುವುದಿಲ್ಲ. ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಅವರು ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಶಿಕ್ಷಕರು ಹೆಚ್ಚಾಗಿ ಬಳಸಿದ್ದು ಇದೇ ರೀತಿಯನ್ನು, ಮಕ್ಕಳು ತೀರ ಕಡಿಮೆ ಪ್ರತಿಕ್ರಿಯಿಸಿದ್ದೂ ಇದಕ್ಕೇ.

'ಯೆಸ್ಟರ್‌ಡೇ ಷಿ...?' ಎಂದು ನಿಲ್ಲಿಸಿ ಕಾಯುವುದು ಮೇಲು. ಆ ಮೌನವನ್ನು ಸಹಿಸುವುದು ಶಿಕ್ಷಕರಿಗೇ ಕಷ್ಟ, ನಾವು ಬೇಗ ಉತ್ತರ ಹೇಳಿಬಿಡುತ್ತೇವೆ. ಆದರೆ ರೂಪವೇ ಗೊತ್ತಿಲ್ಲದ ಮಗುವನ್ನು ಹೀಗೆ ಕಾಯಿಸಿದರೆ ಅದು ಪೀಡನೆಯಾಗುತ್ತದೆ. ಅಲ್ಲಿ ಸರಿಯಾದ ರೂಪವನ್ನು ನೇರವಾಗಿ ಹೇಳಿಕೊಡಬೇಕು. ಗುಂಪಿನಲ್ಲಿ ಮಕ್ಕಳು ಮಾತಾಡುತ್ತಿರುವಾಗ ನಾನು ಅಡ್ಡಬರದೆ ಗುರುತುಹಾಕಿಕೊಂಡು, ಹಲವರಲ್ಲಿ ಕಂಡ ಅಥವಾ ಅರ್ಥ ಕೆಡಿಸಿದ ಒಂದೆರಡು ವಾಕ್ಯಗಳನ್ನು ಮಾತ್ರ ಕೊನೆಯಲ್ಲಿ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು ಅವರಿಂದಲೇ ತಿದ್ದಿಸುತ್ತೇನೆ. 'ಹಿ ವಾಕ್ಸ್' ಎಂಬಲ್ಲಿನ ಕೊನೆಯ 'ಸ್' ಮೊದಲ ವರ್ಷವೇ ಪಾಠವಾದರೂ ಮಾತಿನಲ್ಲಿ ನೆಲೆಗೊಳ್ಳುವುದು ಬಹಳ ತಡವಾಗಿ. ಅದಕ್ಕಾಗಿ ಪ್ರತಿ ಸಲ ಮಾತು ತುಂಡರಿಸುವುದನ್ನು ನಾನು ಬಿಟ್ಟಿದ್ದೇನೆ, ಬರವಣಿಗೆಯಲ್ಲಿ ಮಾತ್ರ ಅದನ್ನು ಹುಡುಕಿ ತಿದ್ದಲು ಹೇಳುತ್ತೇನೆ.